ಪರಂತು ಬಂದಲ್ಲಿ ನಿಲ್ಲು

ಮಾತಾಡುವವರು ಇಬ್ಬರು. ಒಬ್ಬರು ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾಗಿ ಹಮ್ಮಿಗಿಗೆ ಬಂದು ನೆಲೆಸಿದವರು. ಇನ್ನೊಬ್ಬಳು ಅವರ ಅಣ್ಣನ ಮಗಳು, ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಅತಿಥಿ ಶಿಕ್ಷಕಿ. ಮುಂಡರಗಿ ಸೀಮೆಯ ಮಾತನ್ನು ತಿದ್ದದೆ ಹಾಗೇ ಬಿಟ್ಟಿದೆ.

ಟೀಚರ್: ಕಾಕಾ, ಈ ನೋಟಬುಕ್ ಒಂದೀಟ ನೋಡ್ರಿ. ಒಂಬತ್ತನೇ ಕ್ಲಾಸಿನವು. ‘ಆಲ್ದೋ ಇಟ್ ರೇನ್ಡ್, ಬಟ್ ವಿ ವೆಂಟ್ ಟು ಸ್ಕೂಲ್.’ ಬಹಳ ಮಂದಿ ಹಿಂಗ ಬರದಾರ. ಕೆಂಪು ಪೆನ್ನಿನಾಗ ‘ಬಟ್’ ಹೊಡದು ಹೊಡದು ಕೈ ಸೋತು. ‘ಆಲ್ದೋ’ ಇದ್ದಲ್ಲಿ ‘ಬಟ್’ ಬರಂಗಿಲ್ಲ ಅಂತ ಹೇಳಿಕೊಟ್ಟೇನಿ. ಬಾಯಿಪಾಠ ಒಪ್ಪಸ್ತಾವ, ಬರಿಯಾಕ ಕುಂತ್ರ ಮತ್ತ ಅದ.

ಕಾಕಾ: ಹೊಡದದ್ದು ಸರಿ ಐತಿ. ಆದ್ರ ಹುಡುಗ ಯಾಕ ಹಂಗ ಬರದ ಅಂತ ವಿಚಾರ ಮಾಡೀಯೇನು?

ಟೀಚರ್: ತಲ್ಯಾಗ ಕನ್ನಡ ಇಟ್ಕೊಂಡು ಇಂಗ್ಲಿಷ್ ಬರೀತಾವ, ಅದಕ್ಕ.

ಕಾಕಾ: ಕನ್ನಡದಾಗ ಎರಡು ಅದಾವೇನು? ‘ಮಳಿ ಬಂದ್ರೂ ಶಾಲಿಗೆ ಹೋದಿವಿ.’ ಎಣಸು. ಜೋಡಸೂ ಕೀಲು ಒಂದ. ‘ಬಂದ್ರೂ’ ಅನ್ನೂದರ ಬಾಲದಾಗ ಕುಂತೈತಿ. ಹಂಗಾರ ಎರಡನೇದ್ದು ಎಲ್ಲಿಂದ ಬಂತು?

ಟೀಚರ್: ತಿಳಿವಲ್ದು. ನೀವ ಹೇಳ್ರಿ.

ಕಾಕಾ: ಆ ಕೀಲು ಎಲ್ಲಿ ಬಿದ್ದೈತಿ ನೋಡು. ಮೊದಲನೇ ಮಾತಿನ ಕಡೀಕ. ಅಂದ್ರ ಎರಡೂ ಮಾತಿನ ನಟ್ಟನಡುವ. ಹುಟ್ಟಿದಾಗಿಂದ ಹುಡುಗ ಕೇಳಿದ್ದು ಹಂಗ, ಎರಡು ಮಾತು ಕೂಡೂ ಜಾಗಾದಾಗ ಏನರೇ ಒಂದು ಇರಬೇಕು. ಈಗ ಇಂಗ್ಲಿಷ್ ನೋಡು. ‘ಆಲ್ದೋ ಇಟ್ ರೇನ್ಡ್.’ ಕೀಲು ಎಲ್ಲಾದಕ್ಕಿಂತ ಮುಂದ ಹೋಗಿ ಕುಂತು. ನಡುವ ಏನು ಉಳೀತು? ಒಂದು ಕಾಮಾ. ಹುಡುಗನ ಕಿವಿಗೆ ಅಲ್ಲಿ ಬಣಬಣ ಅನಸ್ತೈತಿ. ‘ಆಲ್ದೋ’ ನೀ ಕೊಟ್ಟ ಪಟ್ಟಿಯಿಂದ ಬಂದದ್ದು, ‘ಬಟ್’ ಅಂವ ತನ್ನ ಕಿವಿಯಿಂದ ತಂದದ್ದು.

ಟೀಚರ್: ‘ಬಿಕಾಸ್ ಐ ವಾಸ್ ಇಲ್, ಸೋ ಐ ಡಿಡ್ ನಾಟ್ ಕಮ್’ ಅನ್ನೂದೂ ಇದರದ ತಮ್ಮನಾ?

ಕಾಕಾ: ಅದ ರೋಗ. ‘ಆರಾಮ ಇಲ್ಲದ್ದಕ್ಕ ಬರಲಿಲ್ಲ.’ ‘ಅಕ್ಕ’ ನಡುವ ಬಂತಿಲ್ಲ? ಆ ‘ಅಕ್ಕ’ನ್ನ ಹುಡುಗ ಬಿಡಾಕ ತಯಾರಿಲ್ಲ. ಅದಕ್ಕ ‘ಸೋ’ ಹಾಕ್ತಾನ.

ಟೀಚರ್: ಒಂದು ಮಾತು ಕಾಕಾ. ಚೀನಾದ ಹುಡುಗೂರೂ ಇದ ತಪ್ಪು ಮಾಡ್ತಾವಂತ ಬಿ.ಎಡ್. ಓದುವಾಗ ಹೇಳಿದ್ರು. ಅವರ ಭಾಷಾದಾಗ ಖರೇನ ಎರಡು ಇರ್ತಾವಂತ, ‘ಆದರೂ’ ಅನ್ನೂದು ಮುಂದ, ‘ಆದರೆ’ ಅನ್ನೂದು ನಡುವ. ನಮ್ಮಲ್ಲೂ ‘ಒಂದು ವೇಳೆ ಮಳೆ ಬಂದರೆ’ ಅಂತ ಬರೀತೀವಲ್ಲ? ಮುಂದ ಒಂದು, ಬಾಲದಾಗ ಒಂದು.

ಕಾಕಾ: ಬರೀತೀವಿ. ಆದ್ರ ‘ಒಂದು ವೇಳೆ’ ತಗದ್ರ ಏನೂ ಕೆಡಂಗಿಲ್ಲ. ‘ಬಂದರೆ’ಯ ‘ರೆ’ ತಗದು ನೋಡು, ಮಾತ ಬಿದ್ದು ಹೋಗ್ತೈತಿ. ಚೀನಾದವರದ್ದು ನಂಗ ಗೊತ್ತಿರಲಿಲ್ಲ, ಇದು ಚಲೋ ಆತು. ತಪ್ಪು ಒಂದ, ಬ್ಯಾನಿ ಬ್ಯಾರೆ. ಅವರಿಗೆ ಕೊಡೂ ಔಷಧ ನಮ್ಮ ಹುಡುಗೂರಿಗೆ ನಾಟಂಗಿಲ್ಲ.

ಟೀಚರ್: ನಮಗ ಯಾವ ಔಷಧ ಮತ್ತ?

ಕಾಕಾ: ತಿರುವಿ ಕಲಸು. ‘ವಿ ವೆಂಟ್ ಟು ಸ್ಕೂಲ್ ಆಲ್ದೋ ಇಟ್ ರೇನ್ಡ್.’ ಈಗ ಕೀಲು ನಡುವ ಬಂತು. ಇದರಾಗ ಯಾರರೇ ‘ಬಟ್’ ಹಾಕಿದ್ದನ್ನ ನೋಡೀಯೇನು?

ಟೀಚರ್: ... ಇಲ್ರಿ. ಖರೇನ ಇಲ್ಲ. ಹಿಂಗ ಬರದವ ಒಬ್ಬನೂ ಎರಡು ಹಾಕಿಲ್ಲ.

ಕಾಕಾ: ಮದಲ ಇದನ್ನ ಗಟ್ಟಿ ಮಾಡಸು. ‘ಬಿಕಾಸ್’, ‘ಇಫ್’, ‘ವೆನ್’ ಎಲ್ಲಾ ನಡುವ ಇಟ್ಟ ಬರೀಲಿ. ಅದು ಕೈಗೆ ಕುಂತ ಮ್ಯಾಲೆ ಆ ಅರ್ಧ ಮಾತನ್ನ ಕೀಲಿನ ಸಮೇತ ಎತ್ತಿ ಮುಂದ ಇಡಸು, ಬಿಟ್ಟು ಬಂದ ಜಾಗಾದಾಗ ಒಂದು ಕಾಮಾ. ಕೀಲು ತನ್ನ ಮಾತಿನ ಜೋಡೀನ ಹೋತು, ಅದಕ್ಕ ನಡುವ ಖಾಲಿ ಅನ್ನೂದು ಹುಡುಗನ ಕಣ್ಣಿಗೆ ಕಾಣಬೇಕು. ಪುಸ್ತಕದಾಗ ಉಲ್ಟಾ ಮಾಡ್ತಾರ, ಮುಂದ ಇಟ್ಟ ವಾಕ್ಯಾನ ಮದಲ ತೋರಸ್ತಾರ.

ಟೀಚರ್: ಪುಸ್ತಕದಾಗ ಪಟ್ಟಿ ಇರ್ತೈತಿ ಕಾಕಾ. ಒಂದು ಬಾಜೂಕ ‘ಬಟ್’, ಅದರ ಮುಂದ ‘ಆದರೆ’. ‘ಬಿಕಾಸ್’, ಮುಂದ ‘ಏಕೆಂದರೆ’. ‘ಸೋ’, ಮುಂದ ‘ಆದ್ದರಿಂದ’.

ಕಾಕಾ: ಆ ಬಲಗಡೆ ಶಬ್ದಗಳನ್ನ ಒಮ್ಮೆ ಬಿಚ್ಚಿ ನೋಡು, ಮಜಾ ಐತಿ. ‘ಆದರೆ’ ಅಂದ್ರ ಏನು? ‘ಆಗು’ ಅನ್ನೂ ಕ್ರಿಯಾಪದ, ಅದಕ್ಕ ‘ರೆ’. ‘ಏಕೆಂದರೆ’ ಅಂದ್ರ ‘ಏಕೆ ಎಂದರೆ’, ಯಾಕ ಅಂತ ಕೇಳಿದ್ರ. ‘ಆದ್ದರಿಂದ’ ಅಂದ್ರ ‘ಆದುದರಿಂದ’. ‘ಅಂತ’ ಅನ್ನೂದು ‘ಅನ್ನು’ದಿಂದ ಬಂತು. ಎಲ್ಲಾ ಕ್ರಿಯಾಪದದ ಮಕ್ಕಳು. ‘ಅಥವಾ’ ಸಂಸ್ಕೃತದ್ದು, ಅದನ್ನ ಬಿಡು. ಇಂಗ್ಲಿಷಿನವರು ಜೋಡಸೂ ಕೆಲಸಕ್ಕ ಬ್ಯಾರೆ ಆಳು ಇಟ್ಟಾರ. ನಮ್ಮಲ್ಲಿ ಕ್ರಿಯಾಪದನ ಆ ಕೆಲಸಾನೂ ಮಾಡ್ತೈತಿ. ಬಂದು, ಬಂದ್ರ, ಬಂದ್ರೂ, ಬಂದಾಗ, ಬರುವಾಗ, ಬಂದ ಮ್ಯಾಲೆ, ಬರೂ ಮದಲ, ಬರೂ ತನಕ, ಬಂದದ್ದಕ್ಕ, ಬರಲಿ ಅಂತ, ಬರ್ತಾನೋ ಇಲ್ಲೋ. ಕನ್ನಡ ಮಾತಾಡೂ ಹುಡುಗಗ ಕಂಜಂಕ್ಷನ್ ಬರಂಗಿಲ್ಲ ಅನಬ್ಯಾಡ. ಅವನ ಕಡೆ ಎಲ್ಲಾ ಅದಾವ, ಬಾಲದಾಗ ಅದಾವ. ಬಾಲದಿಂದ ತಗದು ತಲಿ ಮ್ಯಾಲೆ ಇಡೂದು ಹೆಂಗಂತ ಕಲಿಸಿದ್ರ ಅರ್ಧಾ ಪಾಠ ಮುಗೀತು.

ಟೀಚರ್: ಕನ್ನಡ ವ್ಯಾಕರಣದಾಗ ಅವ್ಯಯ ಅಂತ ಓದಿದ್ವಿ. ಅದೂ ಪಟ್ಟೀನ.

ಕಾಕಾ: ಕೇಶಿರಾಜ 13ನೇ ಶತಮಾನದಾಗ ‘ಶಬ್ದಮಣಿದರ್ಪಣ’ ಬರದ, ಅದರಾಗ ಅವ್ಯಯಕ್ಕ ಒಂದು ಪ್ರಕರಣಾನ ಐತಿ. ಆದ್ರ ಅದರ ಹಂದರ ಸಂಸ್ಕೃತದ್ದು. ಡಿ.ಎನ್. ಶಂಕರ ಭಟ್ಟರು ಇದಕ್ಕ ತಕರಾರು ತಗದ್ರು, ಕನ್ನಡಕ್ಕ ಕನ್ನಡದ್ದ ವ್ಯಾಕರಣ ಬೇಕು ಅಂತ. ಅವರು ಹೇಳಿದ್ದು ಎಲ್ಲಾ ನಾ ಒಪ್ಪಂಗಿಲ್ಲ, ಮಹಾಪ್ರಾಣದ ವಿಷಯದಾಗ ನಂಗ ಅವರ ಜೋಡಿ ಜಗಳ ಐತಿ. ಇದರಾಗ ಮಾತ್ರ ಅವರ ಕಡೆ. ‘ಕವಿರಾಜಮಾರ್ಗ’ದಾಗ ಕನ್ನಡದ ತಿರುಳು ಇರೂ ಸೀಮಿ ಅಂತ ನಾಲ್ಕು ಊರು ಹೇಳ್ಯಾರ. ಅದರಾಗ ಪುಲಿಗೆರೆ ಅಂದ್ರ ನಮ್ಮ ಲಕ್ಷ್ಮೇಶ್ವರ, ಕೊಪಣ ಅಂದ್ರ ಕೊಪ್ಪಳ. ನಡುವ ನಾವು ಕುಂತೀವಿ. ಇಂಥಾ ಸೀಮಿ ಹುಡುಗ ಹೆಂಗ ಮಾತಾಡ್ತಾನ ಕೇಳು, ‘ಎದ್ದು, ಮಾರಿ ತೊಳಕೊಂಡು, ಚಾ ಕುಡದು, ಬುತ್ತಿ ಕಟಗೊಂಡು ಹೊಲಕ್ಕ ಹೋದ.’ ಎಲ್ಲೆರೆ ‘ಮತ್ತು’ ಕೇಳ್ತೇನು?

ಟೀಚರ್: ಇಲ್ಲ. ಆದ್ರ ಇಂಗ್ಲಿಷಿನಾಗ ಬರಿ ಅಂದ್ರ ‘ಹಿ ಗಾಟ್ ಅಪ್ ಆ್ಯಂಡ್ ವಾಶ್ಡ್ ಆ್ಯಂಡ್ ಡ್ರ್ಯಾಂಕ್ ಆ್ಯಂಡ್ ವೆಂಟ್’ ಅಂತ ರೈಲ ಬಿಡ್ತಾವ.

ಕಾಕಾ: ಕಡೀ ಬೋಗಿಗಿಂತ ಮದಲ ಒಂದು ‘ಆ್ಯಂಡ್’ ಸಾಕು, ಉಳದಲ್ಲಿ ಕಾಮಾ. ಇದನ್ನ ಕಲಿಸೂದು ಸರಳ. ನಂಗ ಸಿಟ್ಟು ಬರೂದು ಇದರ ಉಲ್ಟಾ ಆಗೂದಕ್ಕ. ಇಂಗ್ಲಿಷ್ ಓದಿದವರ ಕನ್ನಡದಾಗ ಹೋದಲ್ಲಿ ಬಂದಲ್ಲಿ ‘ಮತ್ತು’. ‘ತಂದೆ ಮತ್ತು ತಾಯಿ’ ಅಂತ ಅರ್ಜಿ ಬರೀತಾರ. ತಂದಿ-ತಾಯಿ, ಉಪ್ಪು-ಖಾರ, ಅಕ್ಕ-ತಂಗಿ, ನಡುವ ಏನೂ ಬ್ಯಾಡ. ‘ಎರಡು ಮೂರು ದಿನ’ ಅಂತೀವಿ, ‘ಎರಡು ಅಥವಾ ಮೂರು’ ಅನ್ನಂಗಿಲ್ಲ. ಇಂಗ್ಲಿಷಿಗೆ ಅಲ್ಲಿ ‘ಆರ್’ ಬೇಕ ಬೇಕು. ನಿನ್ನ ಹುಡುಗೂರು ‘ಟೂ ತ್ರೀ ಡೇಸ್’ ಅಂತಾವೋ ಇಲ್ಲೋ?

ಟೀಚರ್: ಹುಡುಗೂರು ಯಾಕ ಕಾಕಾ, ಸ್ಟಾಫ್ ರೂಮಿನಾಗ ನಾವೂ ಅಂತೀವಿ. ಅದು ಇರಲಿ. ‘ಬಿಕಾಸ್’ ಮತ್ತ ‘ಬಿಕಾಸ್ ಆಫ್’ ಬಗೆಹರಸಿ ಕೊಡ್ರಿ. ‘ಬಿಕಾಸ್ ಆಫ್ ಇಟ್ ರೇನ್ಡ್’ ಅಂತನೂ ಬರೀತಾವ, ‘ಬಿಕಾಸ್ ರೇನ್’ ಅಂತನೂ ಬರೀತಾವ.

ಕಾಕಾ: ಕನ್ನಡದಾಗ ಎರಡಕ್ಕೂ ಒಂದ ಬಾಲ. ‘ಮಳಿಯಿಂದ ಬೆಳಿ ಹೋತು’, ‘ಮಳಿ ಬಂದದ್ದರಿಂದ ಬೆಳಿ ಹೋತು’. ಎರಡರಾಗೂ ‘ಇಂದ’. ನಾವು ಇಡೀ ಮಾತನ್ನ ‘ಬಂದದ್ದು’ ಅಂತ ಒಂದು ಹೆಸರು ಮಾಡಿ ಅದಕ್ಕೂ ವಿಭಕ್ತಿ ಹಚ್ಚತೀವಿ. ಇಂಗ್ಲಿಷಿನವರು ಅಲ್ಲಿ ಎರಡು ಬಾಗಲಾ ಇಟ್ಟಾರ. ಹೆಸರಿಗೆ ‘ಬಿಕಾಸ್ ಆಫ್’, ಕರ್ತೃ ಕ್ರಿಯಾ ಕೂಡಿದ ಮಾತಿಗೆ ‘ಬಿಕಾಸ್’. ‘ಡ್ಯೂರಿಂಗ್’ ಮತ್ತ ‘ವೈಲ್’ ಹಂಗ, ‘ಡಿಸ್ಪೈಟ್’ ಮತ್ತ ‘ಆಲ್ದೋ’ನೂ ಹಂಗ. ‘ಮುಂದಿನ ತುಂಡಿನ್ಯಾಗ ಕ್ರಿಯಾಪದ ಐತೇನು ನೋಡು’ ಅಂತ ಹೇಳು. ಇಷ್ಟ ಪರೀಕ್ಷಾ.

ಟೀಚರ್: ‘ವೆನ್ ಹಿ ವಿಲ್ ಕಮ್’?

ಕಾಕಾ: ಹಾಂ, ಇಲ್ಲಿ ನಿನ್ನ ಹುಡುಗೂರು ಕನ್ನಡಾನ ನಂಬಿದ್ರ ಪಾರಾಗ್ತಿದ್ರು. ‘ನಾಳೆ ಅಂವ ಬಂದಾಗ ಕೊಡ್ತೇನಿ.’ ನಾಳೆ ಆಗೂ ಕೆಲಸ, ಹೌದಿಲ್ಲ? ‘ಬಂದ’ ಅನ್ನೂದು ಭೂತಕಾಲದ ರೂಪ. ‘ಬಂದ್ರ’, ‘ಬಂದ ಮ್ಯಾಲೆ’, ಎಲ್ಲಾ ಅದ. ಇಂಗ್ಲಿಷಿನವರೂ ಅಲ್ಲಿ ‘ವಿಲ್’ ಇಡಂಗಿಲ್ಲ, ‘ವೆನ್ ಹಿ ಕಮ್ಸ್’ ಅಂತಾರ. ನಾವು ಭೂತದಾಗ ಹಿಡೀತೀವಿ, ಅವರು ವರ್ತಮಾನದಾಗ. ಭವಿಷ್ಯ ಯಾರಿಗೂ ಬ್ಯಾಡ. ಭವಿಷ್ಯ ಇದ್ದದ್ದು ‘ಕೊಡ್ತೇನಿ’ ಅನ್ನೂದರಾಗ, ಅಲ್ಲಿ ಒಂದು ‘ವಿಲ್’ ಸಾಕು. ಹುಡುಗೂರಿಗೆ ‘ನಾಳೆ ಅಂದ್ರ ವಿಲ್’ ಅಂತ ನಾವ ತಲ್ಯಾಗ ತುಂಬಿ ಕೆಡಿಸಿದ್ವಿ.

ಟೀಚರ್: ಇದನ್ನ ನಾಳೆ ಹೇಳ್ತೇನಿ. ‘ದ್ಯಾಟ್’ ಒಂದು ಉಳೀತು. ‘ಹಿ ಟೋಲ್ಡ್ ದ್ಯಾಟ್ ಐ ವಿಲ್ ಕಮ್.’

ಕಾಕಾ: ಇದು ಕೋರ್ಟಿನಾಗ ದಿನಾ ಕಾಡೂ ಮಾತು. ಸಾಕ್ಷಿ ಕಟಕಟಿಯೊಳಗ ನಿಂತು ‘ನಾ ರೊಕ್ಕ ಕೊಡ್ತೇನಿ ಅಂತ ಹೇಳಿದ’ ಅಂತಾನ. ಇಲ್ಲಿ ‘ನಾ’ ಅಂದ್ರ ಯಾರು? ಸಾಕ್ಷಿ ಅಲ್ಲ, ಆ ಹೇಳಿದಾವ. ನಮ್ಮ ‘ಅಂತ’ ಆಡಿದ ಮಾತನ್ನ ಹೆಂಗಿತ್ತೋ ಹಂಗ ಎತಗೊಂಡು ಬರ್ತೈತಿ, ನಾ ಅಂದಿದ್ರ ನಾ. ಇಂಗ್ಲಿಷಿನ ‘ದ್ಯಾಟ್’ ಬಂತಂದ್ರ ‘ಐ’ ಹೋಗಿ ‘ಹಿ’ ಆಗಬೇಕು, ‘ವಿಲ್’ ಹೋಗಿ ‘ವುಡ್’ ಆಗಬೇಕು. ಹೇಳಿಕಿ ಇಂಗ್ಲಿಷಿಗೆ ಇಳಿಸುವಾಗ ಅದೊಂದು ತಪ್ಪಿದ್ರ ಸಾಲಾ ತಗೊಂಡಾವನ ಬದಲಿ ಸಾಕ್ಷೀನ ಸಾಲಗಾರ ಆಗಿ ಕುಂದರ್ತಾನ.

ಟೀಚರ್: ‘ಅನ್‌ಲೆಸ್’?

ಕಾಕಾ: ಅದರಾಗ ‘ನಾಟ್’ ಒಳಗ ಅಡಗಿ ಕುಂತೈತಿ, ನಮ್ಮ ‘ಬರದಿದ್ರ’ದಾಗ ಕುಂತಂಗ. ‘ಅನ್‌ಲೆಸ್ ಯು ಡೋಂಟ್ ಕಮ್’ ಅಂತ ಇನ್ನೊಂದು ‘ನಾಟ್’ ಸೇರಿಸಿದ್ರ ಅರ್ಥ ತಿರುಗಿ ಬೀಳ್ತೈತಿ. ‘ಐದರ್’ ಬಂದ್ರ ‘ಆರ್’, ‘ನೈದರ್’ ಬಂದ್ರ ‘ನಾರ್’, ಅದು ಬಾಯಿಪಾಠದ್ದು, ಅದಕ್ಕ ಬುದ್ಧಿ ಖರ್ಚು ಮಾಡಬ್ಯಾಡ. ‘ಹೌಎವರ್’ ಕಂಜಂಕ್ಷನ್ನ ಅಲ್ಲ, ಅದಕ್ಕಿಂತ ಮದಲ ಪೂರ್ಣವಿರಾಮ ಇಡಸು, ಗೆದ್ದಿ.

ಟೀಚರ್: ನೀವು ಇಷ್ಟು ಇದರ ಬೆನ್ನ ಹತ್ತಿದ್ದು ಯಾಕ ಕಾಕಾ? ಶಿರಸ್ತೇದಾರ್ ಕೆಲಸಕ್ಕ ಇದು ಬೇಕಿತ್ತಾ?

ಕಾಕಾ: ಕಾನೂನು ಅಂದ್ರ ಏನಂತ ತಿಳಕೊಂಡೀ? ಹೆಸರು, ಕ್ರಿಯಾಪದ ಎಲ್ಲಾರಿಗೂ ತಿಳೀತಾವ. ಜಮೀನು, ಹಣ, ನೋಟೀಸು, ಸಹಿ. ರೈತ ಸೋಲೂದು ಸಣ್ಣ ಶಬ್ದದಾಗ. ‘ಪರಂತು’ ಅನ್ನೂದು ಕೇಳೀಯೇನು?

ಟೀಚರ್: ಮರಾಠಿಯವರು ಅಂತಾರ. ಕನ್ನಡದಾಗ ಯಾರೂ ಅನ್ನಂಗಿಲ್ಲ.

ಕಾಕಾ: ಯಾರೂ ಮಾತಾಡಂಗಿಲ್ಲ, ಆದ್ರ ಸರಕಾರದ ಅಧಿನಿಯಮ ತಗದು ನೋಡು, ಪುಟಾ ತಿರುವಿದಲ್ಲೆಲ್ಲಾ ‘ಪರಂತು’. ಇಂಗ್ಲಿಷಿನ್ಯಾಗ ‘ಪ್ರೊವೈಡೆಡ್ ದ್ಯಾಟ್’ ಅಂತ ಇರ್ತೈತಲ್ಲ, ಅದರ ಕನ್ನಡ. ‘ಪ್ರೊವೈಡೆಡ್’ ಸೈತ ಮೂಲದಾಗ ಒಂದು ಕ್ರಿಯಾಪದ, ನಮ್ಮ ‘ಆದರೆ’ ಇದ್ದಂಗ. ಕ್ರಿಯಾಪದದಿಂದ ಕೀಲು ಮಾಡೂ ವಿದ್ಯಾ ಅವರಿಗೂ ಬರ್ತೈತಿ, ಕಮ್ಮಿ ಮಾಡ್ತಾರ ಅಷ್ಟ. ಮ್ಯಾಲಿನ ಸಾಲು ಹಕ್ಕು ಕೊಡ್ತೈತಿ, ‘ಪರಂತು’ ಬಂದು ಅದರ ಅರ್ಧಾ ತಿರುಗಿ ತಗೋತೈತಿ. ನಮ್ಮ ಮುಂದ ಯಾರರೇ ಕಾಗದ ಹಿಡಕೊಂಡು ಬಂದ್ರ ನಾ ಹೇಳ್ತಿದ್ದದ್ದು ಒಂದ, ‘ಪರಂತು ಬಂದಲ್ಲಿ ನಿಲ್ಲು, ಅಲ್ಲಿಂದ ಮುಂದ ಎರಡು ಸಲ ಓದು.’

ಟೀಚರ್: ಒಂದು ಉದಾಹರಣೆ ಹೇಳ್ರಿ.

ಕಾಕಾ: ನಮ್ಮೂರ ಮುಂದ ಬ್ಯಾರೇಜ್ ಐತೆಲ್ಲ, ಸಿಂಗಟಾಲೂರ ಏತ ನೀರಾವರೀದು. ಅಂಥಾ ಯಾವ ಯೋಜನಾಕ್ಕೂ ಜಮೀನು ಬೇಕು. ಆಗ ಇದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ಆ ವರ್ಷಾನ ಕಿಟ್ಟೆಲ್ಲರ ಕನ್ನಡ ನಿಘಂಟು ಅಚ್ಚಾತು ನೋಡು, ಒಂದು ಪುಸ್ತಕ ಶಬ್ದ ಕೂಡಿಸಿಟ್ಟಿತು, ಇನ್ನೊಂದು ಹೊಲಾ ತಗೋತು. ಆ ಕಾಯ್ದೆದ 18ನೇ ಕಲಮು ಹೇಳೂದು, ಗೊತ್ತುಮಾಡಿದ ಪರಿಹಾರ ಒಪ್ಪದಾವ ‘ನನ್ನ ತಕರಾರು ಕೋರ್ಟಿಗೆ ಕಳಸ್ರಿ’ ಅಂತ ಅರ್ಜಿ ಕೊಡಬಹುದು. ರೈತಗ ಇದು ದೊಡ್ಡ ಹಕ್ಕು. ಮುಂದ 31ನೇ ಕಲಮಿನ್ಯಾಗ ರೊಕ್ಕಾ ಕೊಡೂ ವಿಷಯ. ಅಲ್ಲಿ ಒಂದರ ಬೆನ್ನಿಗೆ ಒಂದು ಪರಂತು. ಮದಲನೇದು, ರೊಕ್ಕಾ ಸಾಲಂಗಿಲ್ಲ ಅನ್ನಾವ ‘ಅಂಡರ್ ಪ್ರೊಟೆಸ್ಟ್’ ಅಂತ ಹೇಳಿ ತಗೋಬಹುದು. ಎರಡನೇದು, ಹಂಗ ಪ್ರೊಟೆಸ್ಟ್ ಹೇಳದ ಬ್ಯಾರೆ ರೀತಿ ತಗೊಂಡಾವಗ 18ನೇ ಕಲಮಿನ ಅರ್ಜಿ ಹಕ್ಕಿಲ್ಲ.

ಟೀಚರ್: ಅಂದ್ರ ರೊಕ್ಕಾ ತಗೋಬ್ಯಾಡ ಅಂತ ಅಲ್ಲ.

ಕಾಕಾ: ಅಲ್ಲ! ಮಂದಿ ಎರಡು ಥರಾ ತಪ್ಪು ತಿಳೀತಾರ. ಒಬ್ಬಾವ ರೊಕ್ಕಾ ಮುಟ್ಟಿದ್ರ ಕೇಸು ಹೋತು ಅಂತ ಮನ್ಯಾಗ ಕುಂದರ್ತಾನ, ಬಡ್ಡಿ ಸಾಲಾ ತಗದು ಸಂಸಾರ ನಡಸ್ತಾನ. ಇನ್ನೊಬ್ಬಾವ ರೊಕ್ಕಾ ಬಂತಲ್ಲ ಅಂತ ಸುಮ್ಮನ ಹೆಬ್ಬಟ್ಟ ಒತ್ತತಾನ. ಇಂಗ್ಲಿಷಿನ ಸಾಲು ಹೆಂಗೈತಿ ಅಂದ್ರ ‘ಅದರ್‌ವೈಸ್ ದ್ಯಾನ್ ಅಂಡರ್ ಪ್ರೊಟೆಸ್ಟ್’. ‘ನೋ ಪರ್ಸನ್’ ಅಂತ ಒಂದು ಇಲ್ಲ, ‘ಅದರ್‌ವೈಸ್ ದ್ಯಾನ್’ ಅಂತ ಇನ್ನೊಂದು ಇಲ್ಲ. ಇಲ್ಲದ ಮ್ಯಾಲೆ ಇಲ್ಲ ಹೇರಿದ ಸಾಲು. ಕನ್ನಡದಾಗ ಬಿಡಿಸಿ ಹೇಳಿದ್ರ ಇಷ್ಟ ಆಕ್ಕೈತಿ, ‘ರೊಕ್ಕಾ ತಗೊಳ್ಳಾವ ತಕರಾರು ಐತಿ ಅಂತ ಬರದು ತಗೊಂಡ್ರ ಮಾತ್ರ ಮುಂದ ಕೇಳಬಹುದು.’ ‘ಬರದು’, ‘ತಗೊಂಡ್ರ’. ಎರಡು ಬಾಲ, ಮುಗೀತು.

ಟೀಚರ್: ಈಗ ಆ ಕಾಯ್ದೆ ಇಲ್ಲಲ್ಲ?

ಕಾಕಾ: 2013ರಾಗ ಹೊಸಾದು ಬಂತು, 2014ರ ಜನವರಿ 1ರಿಂದ ಜಾರಿ. ಪರಿಹಾರದ ಲೆಕ್ಕ ಬದಲಾತು, ಪುನರ್ವಸತಿ ಸೇರಿತು. ಈ ಷರತ್ತು ಮಾತ್ರ 77ನೇ ಕಲಮಿನ್ಯಾಗ ಹಂಗ ಬಂದು ಕುಂತೈತಿ, ಹೆಚ್ಚೂಕಮ್ಮಿ ಅದ ಶಬ್ದದಾಗ. ಕಾಯ್ದೆ ಸತ್ರೂ ಅದರ ಪರಂತು ಸಾಯಂಗಿಲ್ಲ.

ಟೀಚರ್: ಇದು ಇಂಗ್ಲಿಷಿನ ಕಿಡಿಗೇಡಿತನ ಅನ್ರಿ, ಕಂಜಂಕ್ಷನ್ ತಪ್ಪೇನು?

ಕಾಕಾ: ಇಂಗ್ಲಿಷಿನವರೂ ಇದರಾಗ ಬಿದ್ದಾರ. ಅಮೆರಿಕಾದ ಮೇನ್ ರಾಜ್ಯದಾಗ ಓಕ್‌ಹರ್ಸ್ಟ್ ಅನ್ನೂ ಡೇರಿ ಐತಿ. ಅದರ ಲಾರಿ ಡ್ರೈವರ್‌ಗಳು ಹೆಚ್ಚಿನ ತಾಸಿನ ಪಗಾರ ಕೇಳಿದ್ರು. ಯಾವ ಯಾವ ಕೆಲಸಕ್ಕ ಆ ಹೆಚ್ಚಿನ ಪಗಾರ ಇಲ್ಲ ಅಂತ ಅಲ್ಲಿ ಕಾನೂನಿನ್ಯಾಗ ಪಟ್ಟಿ ಇತ್ತು. ಡಬ್ಬಿ ತುಂಬೂದು, ಒಣಗಸೂದು, ಸಂಗ್ರಹ ಮಾಡೂದು ಅಂತ ಹೇಳಿ ಕಡೀಕ ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಶನ್’. ಡ್ರೈವರ್‌ಗಳು ಅಂದ್ರು, ‘ಆರ್’ಕ್ಕಿಂತ ಮದಲ ಕಾಮಾ ಇಲ್ಲ. ಅಂದ್ರ ಅದು ಸಾಗಸಾಕ ಇಲ್ಲಾ ಹಂಚಾಕ ಪ್ಯಾಕ್ ಮಾಡೂದು, ಒಂದ ಕೆಲಸ. ನಾವು ಹಂಚತೀವಿ, ಪ್ಯಾಕ್ ಮಾಡಂಗಿಲ್ಲ.

ಟೀಚರ್: ಕಂಪನಿ ಏನಂತು?

ಕಾಕಾ: ಅವರ ವಾದಾನೂ ಕಂಜಂಕ್ಷನ್ನಿನ ಮ್ಯಾಲೆ. ಆ ‘ಆರ್’ ಒಳಗಿನ ಎರಡು ಶಬ್ದಾ ಕೂಡಿಸಾಕ ಹೋದ್ರ ಇಡೀ ಪಟ್ಟಿ ಕಡೀಕ ಬರಬೇಕಾದ ‘ಆರ್’ ಎಲ್ಲಿ ಹೋತು? ಇಂಗ್ಲಿಷಿನ್ಯಾಗ ಪಟ್ಟಿಗೆ ಕಡೀ ಕೀಲು ಇಲ್ಲದ ನಡ್ಯಾಂಗಿಲ್ಲ ಅಂದ್ರು. ನಮ್ಮ ‘ಉಪ್ಪು, ಖಾರ, ಎಣ್ಣಿ ತಾ’ ಅಂದಂಗ ಅಲ್ಲಿ ಬರಂಗಿಲ್ಲ. 2017ರಾಗ ಮೇಲ್ಮನವಿ ಕೋರ್ಟು ಎರಡೂ ಕಡೆ ಓದಾಕ ಬರ್ತೈತಿ, ಸಂಶಯ ಇದ್ದಲ್ಲಿ ದುಡಿಯಾವನ ಕಡೆ ಓದಬೇಕು ಅಂತು. ಮರುವರ್ಷ 50 ಲಕ್ಷ ಡಾಲರಿಗೆ ರಾಜಿ ಆತು. ಎಲ್ಲಾರೂ ಅದನ್ನ ಕಾಮಾದ ಕಥಿ ಅಂತಾರ. ನಾ ಓದಿದಂಗ ಅದು ‘ಆರ್’ ಯಾರ ಮಗಾ ಅನ್ನೂ ಜಗಳ.

ಟೀಚರ್: ಕೇಳಾಕ ಚಲೋ ಐತಿ ಕಾಕಾ. ಆದ್ರ ನಿಮಗ ಒಂದು ಹೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನನ್ನ ಹುಡುಗೂರು ಕಾಯ್ದೆ ಓದಾಕ ಬಂದಿಲ್ಲ. ಪರೀಕ್ಷಾದಾಗ ಖಾಲಿ ಜಾಗಾ ಇರ್ತೈತಿ, ಬ್ರಾಕೆಟಿನ್ಯಾಗ ‘ಆ್ಯಂಡ್, ಬಟ್, ಬಿಕಾಸ್’ ಕೊಟ್ಟಿರ್ತಾರ. ಸರಿ ಹಾಕಿದ್ರ ಮಾರ್ಕ್ಸ್. ಮನ್ಯಾಗ ಅಆಇಈ ಬಾರದವರ ಮಕ್ಕಳು ಅದಾವ, ಪಾಸಾಗಬೇಕು. ಬಾಲ, ತಲಿ ಅಂತ ನಾ ಕುಂತ್ರ ಪೋರ್ಷನ್ ಮುಗ್ಯಾಂಗಿಲ್ಲ. ಪಟ್ಟೀನ ಬೈಬ್ಯಾಡ್ರಿ, ಪಟ್ಟಿ ಬಡವರ ದಾರಿ.

ಕಾಕಾ: ... ಇದು ಖರೇ ಐತಿ. ನಾನೂ ಪಟ್ಟಿಯಿಂದನ ಕಲತೇನಿ. ರೆನ್ ಮತ್ತ ಮಾರ್ಟಿನ್ ಪುಸ್ತಕ, ಕೂಡಿಸೂವು, ವಿರೋಧದ್ದು, ಆಯ್ಕಿದ್ದು, ತೀರ್ಮಾನದ್ದು ಅಂತ ನಾಲ್ಕು ಜಾತಿ. ಆ ರೆನ್ ಸಾಹೇಬ ಮುಂಬೈ ಇಲಾಖಾದ ಶಿಕ್ಷಣ ಖಾತೆದಾಗ ನೌಕರಿ ಮಾಡಿದಾವ, ಗದಗ ಆಗ ಧಾರವಾಡ ಜಿಲ್ಲಾದೊಳಗ ಅದ ಇಲಾಖಾಕ್ಕ ಸೇರಿತ್ತು. ಪರದೇಶಿ ಸೈನ್ಯದ ಸಾಹಸದ ಕಾದಂಬರಿ ಬರದು ಹೆಸರು ಮಾಡಿದಾವನೂ ಅಂವನ. 1935ರ ಪುಸ್ತಕ ಇವತ್ತಿಗೂ ಮಾರ್ತೈತಿ. ಪಟ್ಟಿ ಬ್ಯಾಡ ಅನ್ನಂಗಿಲ್ಲ ನಾ. ಪಟ್ಟೀ ಬಲಗಡೆ ಏನು ಬರೀತಾರ ಅನ್ನೂದರ ಮ್ಯಾಲೆ ನನ್ನ ತಕರಾರು. ‘ಆಲ್ದೋ’ ಮುಂದ ‘ಆದರೂ’ ಅಂತ ಬರೀಬ್ಯಾಡ್ರಿ. ‘ಮಳಿ ಬಂದ್ರೂ’ ಅಂತ ಬರೀರಿ, ‘ರೂ’ಕ್ಕ ಗೆರಿ ಎಳೀರಿ. ‘ಇಫ್’ ಮುಂದ ‘ಬಂದ್ರ’. ‘ಬಿಫೋರ್’ ಮುಂದ ‘ಬರೂ ಮದಲ’. ಪಟ್ಟಿ ಅಷ್ಟ ಉದ್ದ, ಹೊತ್ತೂ ಅಷ್ಟ. ಹುಡುಗಗ ಬಾಲ ಕಾಣ್ತೈತಿ.

ಟೀಚರ್: ಹಂಗಾದ್ರ ಆಕ್ಕೈತಿ. ಬೋರ್ಡಿನ ಮೂಲಿ ಒಂದು ಸಾಕು. 2007ರ ಹಿಂದ ಸರಕಾರಿ ಶಾಲಿ ಹುಡುಗೂರು ಐದನೇ ಕ್ಲಾಸಿಗೆ ಇಂಗ್ಲಿಷ್ ಮಾರಿ ನೋಡ್ತಿದ್ರು, ಈಗ ಒಂದನೇದರಿಂದನ ಶುರು. ಒಂಬತ್ತಕ್ಕ ಬರೂದರೊಳಗ ಶಬ್ದ ಅದಾವ ಅವರ ಕಡೆ. ಜೋಡಸೂದು ಬರಂಗಿಲ್ಲ. ‘ಆ್ಯಂಡ್’, ‘ಬಟ್’ ವಾಕ್ಯದ ಮುಂದ ಇಡಬಾರದು ಅಂತ ಬ್ಯಾರೆ ಹೆದರಿಸಿ ಇಟ್ಟೀವಿ.

ಕಾಕಾ: 1611ರ ಇಂಗ್ಲಿಷ್ ಬೈಬಲ್ ತಗದು ನೋಡು, ಸಾಲು ಸಾಲು ‘ಆ್ಯಂಡ್’ನಿಂದ ಶುರು. ಅದು ತಪ್ಪಲ್ಲ. ಪರೀಕ್ಷಾದಾಗ ಬ್ಯಾಡ ಅಂತ ಹೇಳು, ತಪ್ಪು ಅಂತ ಹೇಳಬ್ಯಾಡ.

ಟೀಚರ್: ಇದೊಂದು ನೋಡಿ ಬಿಡ್ರಿ ಕಾಕಾ. ಬಿದರಹಳ್ಳಿ, ವಿಠಲಾಪುರ, ಗುಮ್ಮಗೋಳದ ಕಡೆ ಬ್ಯಾರೇಜಿನ ಹಿನ್ನೀರು ಬಂತಲ್ಲ, ಅಂಥಾ ಒಂದು ಊರಿನ ಹುಡುಗಿ. ಕನ್ನಡದಾಗ ಒಂದು ಸಾಲು ಬರದು ಇಂಗ್ಲಿಷ್ ಮಾಡ್ರಿ ಅಂದಿದ್ದೆ. ‘ನೀರು ಬಂದ ಮ್ಯಾಲೆ ಊರು ಬಿಟ್ಟಿವಿ’ ಅಂತ ಬರದಾಳ. ಕೆಳಗ ಇಂಗ್ಲಿಷಿನ್ಯಾಗ ‘ಆಫ್ಟರ್ ದಿ ವಾಟರ್ ಕೇಮ್’ ಅಂತ ಬರದು ಹೊಡದಾಳ. ‘ಬಿಕಾಸ್’ ಬರದು ಅದನ್ನೂ ಹೊಡದಾಳ. ‘ವೆನ್’ ಅಂತ ಬರದು ಪ್ರಶ್ನೆ ಚಿಹ್ನೆ ಹಾಕ್ಯಾಳ. ನಾ ಯಾವುದಕ್ಕ ಸರಿ ಹಾಕ್ಲಿ?

ಕಾಕಾ: ಮೂರೂ ವ್ಯಾಕರಣಕ್ಕ ಸರಿ. ‘ಆಫ್ಟರ್’ ಅಂದ್ರ ನೀರು ಬರೂ ತನಕ ಅಲ್ಲೇ ಇದ್ರು. ‘ಬಿಕಾಸ್’ ಅಂದ್ರ ನೀರ ಕಾರಣ. ‘ವೆನ್’ ಅಂದ್ರ ಎರಡೂ ಕೂಡೇ ಆದದ್ದು. ನಮ್ಮ ‘ಮ್ಯಾಲೆ’ ಮೂರನ್ನೂ ಹೊತ್ತಕೊಂಡು ಸುಮ್ಮನ ನಿಂತಿತ್ತು. ಇಂಗ್ಲಿಷು ಒಂದನ್ನ ಆರಿಸು ಅಂತೈತಿ. ಆರಿಸಾವರು ನೀನೂ ಅಲ್ಲ, ನಾನೂ ಅಲ್ಲ. ಆಕಿನ್ನ ಕೇಳು, ಆಕಿಗೂ ತಿಳೀದಿದ್ರ ಆಕಿ ಅಜ್ಜೀನ್ನ ಕೇಳಿಕೊಂಡು ಬರಲಿ.

ಟೀಚರ್: ‘ಸಿನ್ಸ್’ ಹಾಕಿ ಬಿಟ್ರ? ಅದರಾಗ ಕಾಲಾನೂ ಐತಿ, ಕಾರಣಾನೂ ಐತಿ.

ಕಾಕಾ: ಅದಕ್ಕ ನಮ್ಮ ಕಡತದಾಗ ‘ಸಿನ್ಸ್’ ಬಂದ್ರ ನಾ ಹೊಡದು ‘ಬಿಕಾಸ್’ ಇಲ್ಲಾ ‘ಆಫ್ಟರ್’ ಮಾಡ್ತಿದ್ದೆ. ವಕೀಲರು ಬಂದು ಮತ್ತ ‘ಸಿನ್ಸ್’ ಮಾಡಿ ಹೋಗ್ತಿದ್ರು.